ಕಿರಿಯವಳ ಪಾಲು

ಸಂಗೀತದ ಟೀಚರ್ ವಾರಿಜಾಕ್ಷಿಯವರ ಎದೆಯಲ್ಲಿ, ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ಹೊತ್ತು ತರುವ ನಾಲ್ಕು ರಕ್ತನಾಳಗಳಿದ್ದವು. ನಾಲ್ವರೂ ಅಕ್ಕತಂಗಿಯರು. ಒಮ್ಮೆ ಕಿರಿಯವಳ ಬಾಯಿ ಕಿರಿದಾಗುತ್ತ ಬಂತು. ಅಕ್ಕಂದಿರು ಯಾರಿಗೂ ಹೇಳದೆ ಅವಳ ಪಾಲನ್ನೂ ತಾವೇ ಹೊತ್ತರು. ಬರಬೇಕಾದಷ್ಟು ರಕ್ತ ಬರುತ್ತಿತ್ತು, ಹಾಗಾಗಿ ಹೃದಯ ಏನೂ ಕೇಳಲಿಲ್ಲ. ಟೀಚರಿಗೆ ಮಾತ್ರ ಒಂದು ಕೀರ್ತನೆ ಮುಗಿಸುವಷ್ಟರಲ್ಲಿ ಏದುಸಿರು ಬರತೊಡಗಿತು.

ಡಾಕ್ಟರು ಎಂಆರ್‌ಐ ಮಾಡಿಸಿದರು. ಯಂತ್ರ ಡಬಡಬ ಸದ್ದು ಮಾಡುತ್ತ, ಯಾರನ್ನೂ ಮುಟ್ಟದೆ, ಒಬ್ಬೊಬ್ಬರಲ್ಲಿ ಹರಿಯುವ ರಕ್ತವನ್ನೂ ಬೇರೆ ಬೇರೆಯಾಗಿ ಅಳೆಯಿತು.

ಹಿರಿಯಕ್ಕ ಗಾಬರಿಯಾದಳು. "ಯಂತ್ರರಾಯರೇ, ನಾಲ್ವರದ್ದೂ ಸೇರಿಸಿ ಒಂದೇ ಸಲ ಅಳೆದುಬಿಡಿ. ಎಲ್ಲ ಸರಿಯಾಗಿದೆ."

"ಸೇರಿಸಿದರೆ ಸರಿಯಾಗಿದೆ, ತಾಯಿ. ಆದರೆ ಕಿರಿಯವಳಲ್ಲಿ ಹರಿವು ತೀರಾ ಕಡಿಮೆ. ನೀವು ಮೂವರೂ ಬಳಲಿದ್ದೀರಿ."

"ದಯವಿಟ್ಟು ಬರೆಯಬೇಡಿ. ನಮ್ಮ ತಂಗಿ ಕೆಲಸಕ್ಕೆ ಬಾರದವಳು ಅಂದುಬಿಡುತ್ತಾರೆ. ನಾವಿದ್ದೇವಲ್ಲ, ಹೊರುತ್ತೇವೆ."

"ನಿಮ್ಮ ಅಕ್ಕರೆ ದೊಡ್ಡದು," ಎಂದಿತು ಯಂತ್ರ ಮೆಲ್ಲಗೆ. "ಆದರೆ ಅವಳ ಬಾಯಿ ಅಗಲ ಮಾಡಬಲ್ಲ ಡಾಕ್ಟರು ಇಲ್ಲೇ ಹೊರಗೆ ಕೂತಿದ್ದಾರೆ. ಎಲ್ಲ ಸರಿಯಿದೆ ಅಂತ ನಾನು ಬರೆದರೆ ಅವರು ಎದ್ದು ಮನೆಗೆ ಹೋಗುತ್ತಾರೆ."

ಇಷ್ಟು ದಿನ ಬಾಯಿಬಿಡದಿದ್ದ ಕಿರಿಯವಳು, ಇದ್ದಷ್ಟೇ ದನಿಯಲ್ಲಿ ಹೇಳಿದಳು:

"ಬರೆದುಕೊಳ್ಳಿ, ರಾಯರೇ. ಇವರ ಜೊತೆ ಹೊರಬೇಕು ಅಂತ ನನಗೂ ಆಸೆಯಿದೆ."