ತಳ ಹತ್ತಿದ ಪಾಕ

“ಮತ್ತೆ ನಡುವೆ ಬಾಯಿ ಹಾಕಿದೆಯಾ ದೇವೀರಮ್ಮ? ಒಂದು ಮಾತನ್ನಾದರೂ ಪೂರ್ತಿ ಆಡಲು ಬಿಡುವುದಿಲ್ಲವಲ್ಲ ನೀನು,” ಎಂದರು ಗುರುಗಳು.

“ನಿಮ್ಮ ಮಾತು ನಾಳೆಯೂ ಇರುತ್ತದೆ ಬುದ್ಧಿ. ನನ್ನ ಮಗನದು ಹಾಗಲ್ಲ. ಅವನಿಗಿನ್ನೂ ಹದಿನಾಲ್ಕು. ಇವತ್ತು ಅಂಗಿ ಒಗೆಯಲು ತೆಗೆದರೆ ಗಾಂಜಾ ವಾಸನೆ. ಅವನಪ್ಪ, ಹುಡುಗಾಟ, ತಾನಾಗಿ ಬಿಡುತ್ತಾನೆ, ಊರಿಗೆಲ್ಲ ಸಾರಬೇಡ ಅನ್ನುತ್ತಾರೆ. ಈಗಲೇ ಕೇಳಲೋ, ಇನ್ನಷ್ಟು ದಿನ ನೋಡಲೋ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ. ಕೊಪ್ಪರಿಗೆಯ ತುಂಬ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಲ್ಲ ಕೊಳ್ಳಲು ಬಂದವರು ಸುತ್ತ ಕುಳಿತಿದ್ದರು. ಅವನ ಹೆಂಡತಿ ಕಿವಿಗೊಟ್ಟು ಕೇಳಿ, “ಕುದಿಯುವ ಸದ್ದು ಬದಲಾಗಿದೆ. ತಳ ಹತ್ತುತ್ತಿದೆ. ಒಲೆಯಿಂದ ಉರಿ ಎಳೆಯಿರಿ,” ಎಂದಳು.

“ತಳ ಹತ್ತಿದರೆ ವಾಸನೆ ಬರುವುದಿಲ್ಲವೇ? ನನ್ನ ಮೂಗೇನು ತವರಿಗೆ ಹೋಗಿದೆಯೇ?” ಎಂದ ಅವನು. ಕುಳಿತವರು ನಕ್ಕರು.

ಅವಳು ತಾನೇ ಉರಿ ಎಳೆಯಲು ಬಗ್ಗಿದಳು. ಅವನು ಕೈ ಹಿಡಿದು ತಡೆದ. “ಇಷ್ಟು ಜನರ ಎದುರಿಗೆ ಉರಿ ಎಳೆದರೆ, ಇವನ ಪಾಕ ಕೆಟ್ಟಿತು ಅಂದುಕೊಳ್ಳುತ್ತಾರೆ,” ಎಂದು ಅವಳ ಕಿವಿಯಲ್ಲಿ ಹೇಳಿದ.

ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಕುಳಿತವರೂ ಮೂಗು ಮುಚ್ಚಿಕೊಂಡರು. “ಕಲಕಬೇಡಿ, ಮೇಲಿನದನ್ನಾದರೂ ಬಗ್ಗಿಸಿಕೊಳ್ಳೋಣ,” ಎಂದಳು ಹೆಂಡತಿ. ಅವನಿಗೆ ಅವಮಾನವಾಗಿತ್ತು. ಪಾಕ ಕಲಕುವ ಮರದ ಹುಟ್ಟು ಹಿಡಿದು, ಸಿಟ್ಟಿನಿಂದ, ತಳ ಕೆರೆಯುವಂತೆ ಕಲಕಿದ. ತಳದಲ್ಲಿದ್ದ ಕರಕಲು ಮೇಲಕ್ಕೆ ಎದ್ದಿತು. ಅಲ್ಲಿಯವರೆಗೆ ಚೆನ್ನಾಗಿದ್ದ ಪಾಕವೂ ಕಹಿಯಾಯಿತು. ಅಷ್ಟನ್ನೂ ತಿಪ್ಪೆಗೆ ಸುರಿದರು. ಸುರಿಯುವಾಗಲೂ ಅವನು, “ಈಗ ತಾನೇ ಹತ್ತಿತು, ಈಗ ತಾನೇ,” ಎನ್ನುತ್ತಲೇ ಇದ್ದ.

ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ತಿಳಿಯಿತು ಬುದ್ಧಿ. ಇವತ್ತು ತಾನೇ ವಾಸನೆ ಬಂದಿದೆ. ಈಗಲೇ ಹೋಗಿ ಬೆನ್ನ ಮೇಲೆ ನಾಲ್ಕು ಬಾರಿಸಿ ಕೇಳುತ್ತೇನೆ.”

“ವಾಸನೆ ಇವತ್ತು ಬಂತು ತಾಯಿ, ಮನೆಯಲ್ಲಿ ಅವನ ಸದ್ದು ಬದಲಾದದ್ದು ಯಾವತ್ತು?” ಎಂದರು ಗುರುಗಳು.

ದೇವೀರಮ್ಮ ಸಿಕ್ಕಿಸಿದ್ದ ಸೆರಗು ಬಿಚ್ಚಿ ಮತ್ತೆ ಕುಳಿತಳು.