ಮದಲಗಿತ್ತಿ ಕೊಳದಲ್ಲಿ ಯಾರೂ ಮುಳುಗಿಲ್ಲ

ಎಡೆಬಂಡೆಯ ಬೆಟ್ಟ ಇಳಿದು, ಹಳೆಯ ಕೋಟೆಯ ದಿಡ್ಡಿ ಬಾಗಿಲು ದಾಟಿದರೆ ಎಡಗಡೆಗೆ ಒಂದು ಕೊಳ ಕಾಣುತ್ತದೆ. ನಾಲ್ಕೂ ಕಡೆ ಮೆಟ್ಟಿಲು, ನಡುವೆ ಕಲ್ಲಿನ ಕಂಬ, ಕಂಬದ ಮೇಲೆ ಇಬ್ಬರು ಸೇರಿ ತಬ್ಬಿದರೂ ತೋಳಿಗೆ ಸಿಗದಷ್ಟು ದೊಡ್ಡ ತಾಮ್ರದ ಕೊಡ. ಬೆಟ್ಟದ ಮೇಲೆ ಬಂಡೆಯ ನಡುವೆ ನೀರು ನಿಲ್ಲುವ ದೊಣೆಯಿಂದ ಕಲ್ಲಿನ ಕಾಲುವೆಯಲ್ಲಿ ಹರಿದು ಬಂದ ನೀರು ನೇರವಾಗಿ ಕೊಡದ ಬಾಯಿಗೆ ಬೀಳುತ್ತದೆ. ಕೊಡ ತುಂಬಿದ ಮೇಲೆ, ತಟ್ಟೆಯ ಹಾಗೆ ಹೊರಕ್ಕೆ ಚಾಚಿದ ಅದರ ಅಂಚಿನ ಸುತ್ತಲೂ ನೀರು ಒಂದೇ ಸಮನೆ ಇಳಿಯುತ್ತದೆ, ಎಲ್ಲಿಯೂ ಸೀಳು ಬಿಡದ ಪರದೆಯಾಗಿ. ಹುಟ್ಟಿದಾಗಿನಿಂದ ನೋಡುತ್ತಾ ಬಂದ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಊರವರು ಇದನ್ನು ಮದಲಗಿತ್ತಿ ಕೊಳ ಎನ್ನುತ್ತಾರೆ. ಮದಲಗಿತ್ತಿ, ಅಂದರೆ ಮದುಮಗಳು. ಹೆಸರು ಕಿವಿಗೆ ಬಿದ್ದದ್ದೇ ತಡ, ನೋಡಲು ಬಂದವರು ಮುಖ ಸಣ್ಣದು ಮಾಡಿಕೊಂಡು ‘ಪಾಪ, ಯಾವ ಕಾಲದಲ್ಲಿ ಬಿದ್ದು ಸತ್ತಳು?’ ಎಂದು ಕೇಳುತ್ತಾರೆ. ನನ್ನ ಪಿತ್ತ ನೆತ್ತಿಗೇರುವುದು ಅಲ್ಲಿಯೇ. ಮದುಮಗಳ ಹೆಸರಿನ ಕೊಳ ಎಂದ ಮಾತ್ರಕ್ಕೆ ಹೆಣ್ಣೊಂದು ಮುಳುಗಲೇಬೇಕೇನು? ಇಲ್ಲಿ ಯಾರೂ ಮುಳುಗಿಲ್ಲ ಸ್ವಾಮಿ. ಮೆಟ್ಟಿಲ ಮೇಲೆ ಕುಳಿತುಕೊಳ್ಳಿ, ನಡೆದದ್ದನ್ನು ಹೇಳುತ್ತೇನೆ.

ಹಿಂದೆ ಒಮ್ಮೆ ಈ ಕೋಟೆಯಲ್ಲಿ ಒಬ್ಬ ನಾಯಕ ಆಳುತ್ತಿದ್ದ. ಅವನ ಕಾಲದಲ್ಲಿ ಕೋಟೆಯ ಕೆಳಗಿನ ಕೇರಿಯಲ್ಲಿ ಕಂಚುಗಾರ ಕಾಳಪ್ಪನೆಂಬವನಿದ್ದ. ಕಾಳಪ್ಪನ ಮನೆಯ ಕೊಡವೆಂದರೆ ಸುತ್ತಮುತ್ತಲಿನವರು ಕಣ್ಣು ಮುಚ್ಚಿ ದುಡ್ಡು ಕೊಡುತ್ತಿದ್ದರು. ಬಡಿದು ಮುಗಿಸಿದ ಕೊಡಕ್ಕೆ ನೀರು ತುಂಬಿ ಒಣ ಬೂದಿಯ ಮೇಲೆ ಇಡುವುದು ಆ ಮನೆಯ ಪದ್ಧತಿ. ಬೆಳಗಾಗುವಷ್ಟರಲ್ಲಿ ಬೂದಿ ಒಂದು ಚುಕ್ಕೆಯಷ್ಟು ಒದ್ದೆಯಾಗಿದ್ದರೂ ಕೊಡ ಮತ್ತೆ ಒಲೆಗೆ ಹೋಗುತ್ತಿತ್ತು. ಅವನಿಗೆ ಅಂಬವ್ವ ಎಂಬ ಒಬ್ಬಳೇ ಮಗಳು. ಪಕ್ಕದ ಸೀಮೆಯ ಕಂಚುಗಾರ ಮೋನಪ್ಪನ ಮಗನಿಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಹುಡುಗ ತನ್ನ ಕೈಯಾರೆ ಬಡಿದ ತಾಮ್ರದ ಕಡಗವೊಂದನ್ನು ನಿಶ್ಚಯದ ದಿನ ಅವಳ ಕೈಗೆ ತೊಡಿಸಿದ್ದರು. ಹುಡುಗನನ್ನು ಅವಳು ಸರಿಯಾಗಿ ನೋಡಿರಲಿಲ್ಲ. ಕಡಗವನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದ್ದಳು. ಸುತ್ತಿಗೆಯ ಪೆಟ್ಟುಗಳು ಒಂದರ ಪಕ್ಕ ಒಂದು, ಜೋಡಿಸಿಟ್ಟ ಹಾಗಿದ್ದವು. ಇದು ಅವಸರದ ಕೈಯಲ್ಲ, ಸಿಟ್ಟಿನ ಕೈಯೂ ಅಲ್ಲ ಎಂದು ಕಂಚುಗಾರನ ಮಗಳಿಗೆ ಯಾರಾದರೂ ಹೇಳಿಕೊಡಬೇಕೆ? ಅವಳ ಮನಸ್ಸು ಅಲ್ಲಿಯೇ ಒಪ್ಪಿಬಿಟ್ಟಿತ್ತು.

ಅಷ್ಟರಲ್ಲಿ ನಾಯಕನಿಗೆ ಹುಚ್ಚು ಹತ್ತಿತು. ದೂರದ ಯಾವುದೋ ರಾಜಧಾನಿಗೆ ಹೋಗಿ ಅಲ್ಲಿನ ಉದ್ಯಾನದ ಕಾರಂಜಿ ನೋಡಿಕೊಂಡು ಬಂದಿದ್ದ. ಬಂದವನೇ ಕಾಳಪ್ಪನನ್ನು ಕರೆಸಿ, ತನ್ನ ಹೊಸ ಕೊಳದ ನಡುವೆ ಮೈತುಂಬಾ ತೂತುಗಳಿರುವ ತಾಮ್ರದ ಕೊಡ ನಿಲ್ಲಿಸಬೇಕು, ತೂತುತೂತಿನಿಂದಲೂ ನೀರು ಚಿಮ್ಮಬೇಕು ಎಂದ. ಕಾಳಪ್ಪ ಆಗದೆಂದು ಕೈ ಮುಗಿದ. ತೂತು ಹೊಡೆದ ಕೊಡ ಹೊತ್ತು ಸುತ್ತು ಬರುವುದು ಸುಡುಗಾಡಿನಲ್ಲಿ ಮಾತ್ರ. ತುಂಬಿದ ಮನೆಗೆ ಕೊಡ ಬಡಿಯುವ ಕೈ ಅಂಥದ್ದನ್ನು ಬಡಿಯುವುದುಂಟೆ? ಆಗದೆಂದರೆ ಒಲೆ ಆರಿಸಿಕೊಂಡು ಊರು ಬಿಡು ಎಂದ ನಾಯಕ. ಸುದ್ದಿ ತಿಳಿದ ಮೋನಪ್ಪನೂ ಬಂಡಿ ಕಟ್ಟಿಸಿಕೊಂಡು ಬಂದೇಬಿಟ್ಟ. ಅವನದು ಮೊದಲೇ ಕಡ್ಡಿ ಮುರಿದ ಹಾಗೆ ಮಾತು.

“ತೂತುಗೊಡ ಬಡದ ಮನಿ ಹೆಣ್ಣು ನಮ್ಮ ಹೊಸ್ತಿಲು ತುಳ್ಯಾಂಗಿಲ್ಲ, ಕಾಳಪ್ಪ. ಹಂಗೇನರ ಆದ್ರ ಕಡಗ ತಿರುಗಿ ಕೊಟ್ಟುಬಿಡು” ಎಂದ.

ಊರು ಉಳಿಸಿಕೊಂಡರೆ ಮಗಳ ಮದುವೆ ಮುರಿಯುತ್ತದೆ, ಮದುವೆ ಉಳಿಸಿಕೊಂಡರೆ ಊರು ಬಿಡಬೇಕು. ಕಾಳಪ್ಪ ಊಟ ಬಿಟ್ಟು ಒಲೆಯ ಮುಂದೆ ಕುಳಿತ. ಬಾವಿಯಿಂದ ನೀರು ಹೊತ್ತು ಬಂದ ಅಂಬವ್ವ ಕೊಡ ಇಳಿಸುತ್ತಾ ಹೇಳಿದ ಮಾತನ್ನು ನಮ್ಮೂರ ಹೆಂಗಸರು ಇವತ್ತಿಗೂ ಅವಳ ದನಿಯಲ್ಲಿಯೇ ಹೇಳುತ್ತಾರೆ.

“ಎಪ್ಪಾ, ತೂತು ಯಾಕ ಬೇಕು? ತುಂಬಿದ ಕೊಡಕ್ಕ ಮತ್ತ ನೀರು ಹೊಯ್ಕೋತ ಹೋದ್ರ ತಾನ ಸುರೀತದ. ವಾಲಿದ್ರ ಒಂದ ಕಡಿ ಸುರೀತದ, ನೆಟ್ಟಗ ಕುಂತ್ರ ಸುತ್ತಲೂ ಸುರೀತದ. ನನ್ನ ಸೀರಿ ನೋಡು, ದಿನಾ ಇದ ಕಥಿ.”

ಕಾಳಪ್ಪ ಅವಳ ತೊಯ್ದ ಸೆರಗನ್ನೂ ಕೊಡವನ್ನೂ ನೋಡಿ, ತಲೆಯ ರುಮಾಲು ತೆಗೆದು ನೆಲಕ್ಕೆ ಬಡಿದು ನಕ್ಕುಬಿಟ್ಟನಂತೆ. ಅಂದೇ ತಿದಿ ಊದಿದರು. ತಾಮ್ರ ಬಡಿದಷ್ಟೂ ಬಿಗಿಯುತ್ತದೆ. ಅದನ್ನು ಮತ್ತೆ ಮತ್ತೆ ಕೆಂಪಗೆ ಕಾಯಿಸಿ, ನೀರಿಗದ್ದಿ, ಮೆತ್ತಗಾಗಿಸಿಕೊಂಡು ಬಡಿಯಬೇಕು. ತಿದಿ ಒತ್ತಿದ್ದು ಅಂಬವ್ವ, ಬಡಿದದ್ದು ಕಾಳಪ್ಪ. ಕೇರಿಗೆ ಕೇರಿಯೇ ನಿದ್ದೆಗೆಟ್ಟಿತು, ಯಾರೂ ಗೊಣಗಲಿಲ್ಲ.

ನೀರು ಬಿಡುವ ದಿನ ಕೊಳದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮೋನಪ್ಪ ತನ್ನ ಕಡೆಯವರೊಂದಿಗೆ ಬಂದು ಮೇಲಿನ ಮೆಟ್ಟಿಲಲ್ಲಿ ಬಿಗಿಯಾಗಿ ಕುಳಿತಿದ್ದ. ತೂತುಗಳೆಲ್ಲಿ ಎಂದು ನಾಯಕ ಹುಬ್ಬೇರಿಸಿದ. ಮೊದಲು ನೀರು ಬರಲಿ ದೊರೆ, ಎಂದ ಕಾಳಪ್ಪ. ನೀರು ಬಂತು, ಕೊಡ ತುಂಬಿತು, ಆದರೆ ಸುರಿದದ್ದು ಒಂದೇ ಮಗ್ಗುಲಿಗೆ, ಮುದಿ ಎತ್ತಿನ ಬಾಯಿಂದ ಜೊಲ್ಲು ಇಳಿದಂತೆ. ಹೊಸ ಕಂಬ ಕೊಡದ ಭಾರಕ್ಕೆ ಕೂದಲೆಳೆಯಷ್ಟು ಕುಸಿದಿತ್ತು. ಜನ ಗೊಳ್ಳೆಂದು ನಕ್ಕರು. ನಾಯಕನ ಮುಖ ಕೆಂಪಾಯಿತು. “ಉಳಿ ತಗೊಂಡು ಈಗಲೇ, ನನ್ನ ಕಣ್ಣೆದುರಿಗೇ ತೂತು ಹೊಡಿ” ಎಂದು ಅಪ್ಪಣೆ ಮಾಡಿದ. ಕಾಳಪ್ಪನ ಕೈಗೆ ಯಾರೋ ಉಳಿ ಕೊಟ್ಟರು. ಮೇಲೆ ಮೋನಪ್ಪ ಎದ್ದು ನಿಂತ.

ಅಂಬವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿ, ಕೊಡ ಬಡಿದು ಉಳಿದ ತಗಡಿನ ಚೂರುಗಳನ್ನು ಮಡಿಲಿಗೆ ಹಾಕಿಕೊಂಡು ಕೊಳಕ್ಕಿಳಿದಳು. ಸೊಂಟದ ತನಕ ನೀರು. ಕೊಡದ ಅಂಚಿನಡಿಗೆ ನುಸುಳಿ ಕಂಬಕ್ಕೆ ಆತು ನಿಂತು, “ಎಪ್ಪಾ, ಉಳಿ ಒಗಿ. ತೊಲಿ ಹಾಕಿ ಮೀಟು” ಎಂದು ಕೂಗಿದಳು. ಕಾಳಪ್ಪ ಉಳಿಯನ್ನು ನೀರಿಗೆಸೆದ. ದಂಡೆಯಿಂದ ಉದ್ದನೆಯ ತೊಲೆ ಚಾಚಿ ಅವನು ಮೀಟಿದಾಗಲೆಲ್ಲ ಅವಳು ಕೊಡದ ಬುಡಕ್ಕೆ ತಾಮ್ರದ ತಗಡಿನ ಚೂರು ತುರುಕಿದಳು. ನೀರು ಸರಿಯುತ್ತಾ ಬಂತು. ಅರ್ಧ ಸುತ್ತಿತು, ಮುಕ್ಕಾಲು ಸುತ್ತಿತು. ನಗುತ್ತಿದ್ದವರು ಮೆಟ್ಟಿಲು ಇಳಿದು ಹತ್ತಿರ ಬಂದರು. ಕೊನೆಗೆ ನೀರಿನ ಪರದೆಯಲ್ಲಿ ಒಂದು ಬೆರಳಿನಷ್ಟು ಸಂದು ಉಳಿಯಿತು. ಇದ್ದ ತಗಡು ತೀರಿತ್ತು. ಅಂಬವ್ವ ಕೈಯ ಕಡಗ ನೋಡಿದಳು. ಎಷ್ಟು ಸಂಕಟವಾಯಿತೋ ಅವಳಿಗೇ ಗೊತ್ತು. ಅದನ್ನು ಕಳಚಿ ಕಂಬದ ಮೇಲಿಟ್ಟು, ಕೊಳದ ತಳದಿಂದೆತ್ತಿದ ಕಲ್ಲೊಂದರಿಂದ ಜಜ್ಜಿ ಚಪ್ಪಟೆ ಮಾಡಿ, ಅಪ್ಪ ಮೀಟಿದ್ದೇ ಒಳಕ್ಕೆ ತಳ್ಳಿದಳು.

ಸಂದು ಮುಚ್ಚಿತು. ನೀರು ಸುತ್ತಲೂ ಒಂದಾಗಿ ಇಳಿಯಿತು, ಒಳಗಿದ್ದ ಅಂಬವ್ವ ಕಾಣದಾದಳು. ಕಾಳಪ್ಪ ಗಾಬರಿಯಾಗಿ ಕೂಗುವಷ್ಟರಲ್ಲಿ ಅವಳು ಪರದೆ ಸೀಳಿಕೊಂಡು, ನೆತ್ತಿಯಿಂದ ಪಾದದವರೆಗೆ ತೊಯ್ದು, ಕೈ ಬರಿದು ಮಾಡಿಕೊಂಡು ಹೊರಗೆ ಬಂದಳು. ನಾಯಕ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು. ಅವಳ ಕಣ್ಣು ಮಾತ್ರ ಮೋನಪ್ಪನ ಮೇಲಿತ್ತು. ಅವನು ಇತ್ತ ನೋಡಿದ್ದೇ, ಕಡಗ ಕಳೆದುಕೊಂಡ ಅವಳು ತಲೆ ತಗ್ಗಿಸಿದಳು. ಮೋನಪ್ಪ ಒಂದೊಂದೇ ಮೆಟ್ಟಿಲು ಇಳಿದು ಬಂದು, ಕೊಡದ ಮೈಯನ್ನು ನಾಲ್ಕೂ ಕಡೆಯಿಂದ ನೋಡಿದ. ಎಲ್ಲಿಯೂ ತೂತಿಲ್ಲ.

“ನಮ್ಮ ಮನಿ ತಾಮ್ರ ನಿಮ್ಮ ಮನಿ ಕೊಡ ಹೊತ್ತು ನಿಂತೈತಿ, ಕಾಳಪ್ಪ. ಇನ್ನ ಬೀಗತನ ಬಿಡಾಕ ಬರ್ತದೇನು?” ಎಂದ. ಆಮೇಲೆ ಅಂಬವ್ವನ ಕಡೆ ತಿರುಗಿ, “ಸುರಗಿ ನೀರೂ ಇಲ್ಲೇ ಹಾಕ್ಕೊಂಡಿಯಲ್ಲವ್ವಾ. ಅಕ್ಕಿಕಾಳು ಒಂದ ಬಾಕಿ” ಎಂದು ನಕ್ಕ. ಸುರಗಿ ನೀರೆಂದರೆ ಮದುವೆಯಲ್ಲಿ ಮದಲಗಿತ್ತಿಗೆ ಎರೆಯುವ ನೀರು, ಅಕ್ಕಿಕಾಳೆಂದರೆ ಅಕ್ಷತೆ. ಕೊಳಕ್ಕೆ ಹೆಸರು ಬಂದದ್ದು ಆ ಮಾತಿನಿಂದ ಎನ್ನುತ್ತಾರೆ. ಹುಡುಗ ಇನ್ನೊಂದು ಕಡಗ ಬಡಿದು ಕೊಟ್ಟನಂತೆ. ಮೊದಲಿನದರಷ್ಟು ಚೆನ್ನಾಗಿಲ್ಲ ಎಂದು ಅಂಬವ್ವ ಮುದುಕಿಯಾಗುವ ತನಕ ಅವನನ್ನು ಕಾಡಿಸಿದಳಂತೆ.

ಕೋಟೆ ಬಿತ್ತು, ನಾಯಕನ ಮನೆತನ ಹೋಯಿತು, ಕೊಡ ಹಸಿರು ತಿರುಗಿದೆ. ನನ್ನ ಚಿಕ್ಕಂದಿನಲ್ಲಿ ಕೊಳ ತೊಳೆಯಲು ಬಂದವರು ಕಂಬದ ಮೇಲಿನ ಚೂರುಗಳನ್ನು ಕಸವೆಂದು ಕಿತ್ತರು. ಪರದೆ ಹರಿದುಹೋಗಿ ಮತ್ತೆ ಮುದಿ ಎತ್ತಿನ ಜೊಲ್ಲೇ ಆಯಿತು. ಊರವರು ಕಸದ ಗುಡ್ಡೆ ಕೆದಕಿ, ಎಲ್ಲವನ್ನೂ ಹುಡುಕಿ ತಂದು, ಇದ್ದಂತೆಯೇ ಇಟ್ಟರು. ಅದಕ್ಕೇ ನಾನು ಬಂದವರಿಗೆ ಯಾವುದನ್ನೂ ಎಳೆಯಬೇಡಿ, ಮುಟ್ಟಿ ನೋಡಿ ಅಷ್ಟೇ ಎನ್ನುತ್ತೇನೆ. ಕೊಳಕ್ಕಿಳಿದು, ನೀರಿನೊಳಗೆ ಕೈ ತೂರಿಸಿ, ಕೊಡದ ಬುಡದ ಬಡಗಣ ಮಗ್ಗುಲು ತಡವಿದರೆ ಚಪ್ಪಟೆಯಾದ ಕಡಗದ ಅಂಚು ಬೆರಳಿಗೆ ಸಿಗುತ್ತದೆ. ಜಜ್ಜಿದ ಗುರುತಿನ ಪಕ್ಕದಲ್ಲಿ ಆ ಹುಡುಗನ ಸುತ್ತಿಗೆಯ ಪೆಟ್ಟುಗಳು ಇನ್ನೂ ಸಾಲಾಗಿವೆ. ಅದನ್ನು ಮುಟ್ಟಿದವರು ಮೈಯೆಲ್ಲ ತೋಯಿಸಿಕೊಂಡು, ನಗುತ್ತಾ ಮೆಟ್ಟಿಲು ಹತ್ತಿ ಬರುತ್ತಾರೆ. ಆಮೇಲೆ ಯಾರು ಸತ್ತರೆಂದು ಒಬ್ಬರೂ ಕೇಳಿದ್ದಿಲ್ಲ.