ಅಧ್ಯಕ್ಷರ ಮನೆಯ ಕಾಫಿ ಹಾಲು

ಡೈರಿ ಅಧ್ಯಕ್ಷ ಪುಟ್ಟಮಾದಪ್ಪನವರು ತಮ್ಮ ಕ್ಯಾನು ತಂದಿಟ್ಟರು. ಹಾಲು ಪರೀಕ್ಷಿಸುವ ಹೆಂಗಸು ಸ್ವಲ್ಪ ಹಾಲಿಗೆ ಔಷಧ ಬೆರೆಸಿ ಅಲುಗಾಡಿಸಿದಳು. ಹಾಲು ಲೋಳೆಯಾಯಿತು.

"ಹಸೂಗೆ ಕೆಚ್ಚಲು ಬಾವು ಅಧ್ಯಕ್ಷರೇ. ಈ ಹಾಲು ತಗೊಳ್ಳೋಕಾಗಲ್ಲ."

"ನನ್ನ ಹಸೂಗೆ ರೋಗವಾ? ನಿನ್ನ ಔಷಧಾನೇ ಕೆಟ್ಟಿದೆ! ಚೆನ್ನಾಗಿದೆ ಅಂತ ಬರಿ, ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಕೆಟ್ಟಿದ್ರೂ ಕೆಟ್ಟಿರಬಹುದು. ನಿಮ್ಮನೇಲಿ ಕಾಫಿಗೆ ಇಟ್ಟಿರೋ ಹಸಿ ಹಾಲು ಒಂದು ಲೋಟ ತರಿಸಿ. ಅದೂ ಲೋಳೆಯಾದ್ರೆ ಔಷಧಾನೇ ಚೆಲ್ತೀನಿ."

ಲೋಟ ಬಂತು. ಔಷಧ ಬೆರೆಸಿದಳು. ಹಾಲು ತೆಳ್ಳಗೇ ಉಳಿಯಿತು. ಸಾಲಿನಲ್ಲಿ ನಿಂತವರೆಲ್ಲ ಬಗ್ಗಿ ನೋಡಿದರು.

ಅಧ್ಯಕ್ಷರು ರೇಗಿದರು. "ಅದು ಇನ್ನೊಂದು ಹಸೂದು ಕಣಮ್ಮ! ಈ ಕ್ಯಾನಿನ ಹಸೂ ಹಾಲನ್ನ ನನ್ನ ಹೆಂಡತಿ ಒಲೆ ಹತ್ತಿರಕ್ಕೂ ಸೇರಿಸಲ್ಲ, ವಾರ ಆಯ್ತು."

ಅವಳು ಕ್ಯಾನಿಗೆ ಮುಚ್ಚಳ ಹಾಕಿ ಅವರ ಕಡೆ ಸರಿಸಿದಳು.

"ಹಾಗಾದ್ರೆ ನನಗಿಂತ ಮೊದಲು ನಿಮ್ಮನೆ ಅಕ್ಕನೋರೇ ಪರೀಕ್ಷೆ ಮಾಡಿದಾರೆ."